ಎಡಗಡೆ ಗುಂಡಿಯ ಚಕ್ಕೆ

ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿದೆ, ಮ್ಯಾನೇಜರ್ ಅದರ ಮೇಲೆ ಸ್ಟೇಪ್ಲರ್ ಇಟ್ಟರು, ಹೊಸ ಫೈಲು, ಹಳೆಯದು ನೀಲಿ ಇತ್ತು ಇದು ಬಿಳಿ, ಸುರಕ್ಷತೆಯ ಮಾನದಂಡವೇ ಬದಲಾಗಿದೆಯಂತೆ, ಇನ್ನು ಮುಂದೆ ಕಾರ್ಮಿಕರನ್ನೂ ಕೇಳಬೇಕಂತೆ, ನೋಡಮ್ಮ, ಪ್ರತಿನಿಧಿ ಅಂತ ನಿನ್ನ ಹೆಸರೇ ಹಾಕಿದೀವಿ, ಇಲ್ಲೊಂದು ಸೈನ್ ಮಾಡ್ಬಿಡು, ನಾಳೆ ಆಡಿಟರ್ ಬರ್ತಾರೆ — ಕೇಳಿದ್ದು ಯಾವಾಗ? ಹತ್ತೊಂಬತ್ತು ವರ್ಷ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತಿದ್ದೇನೆ, ಊಟ ಆಯ್ತಾ ಎಂದು ಕೂಡ ಯಾರೂ ಕೇಳಿಲ್ಲ, ಈಗ ಕೇಳಿಯಾಯಿತು ಎಂದು ಟೈಪ್ ಮಾಡಿಸಿಕೊಂಡೇ ಬಂದಿದ್ದಾರೆ, ಕೂಸು ಹುಟ್ಟುವ ಮುಂಚೆ ಕುಲಾವಿ. ಓದ್ತೀನಿ ಸಾರ್. ಓದೋದೇನಿದೆ, ಎಲ್ಲಾ ಸರಿ ಇದೆ. ಇರ್ಲಿ ಸಾರ್, ಓದ್ತೀನಿ. ನಾಲ್ಕನೇ ನಂಬರಿನ ಪ್ರೆಸ್, ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ — ಹೌದು, ಕಾಗದದ ಮೇಲೆ, ನಮ್ಮಲ್ಲಿ ಎಡಗಡೆ ಗುಂಡಿ ಒತ್ತಿದ್ದು ಒತ್ತಿದ ಹಾಗೇ ಕೂರುವಂತೆ ಮರದ ಚಕ್ಕೆ ಸಿಕ್ಕಿಸಿರುತ್ತದೆ, ಎಡಗೈ ತಗಡು ಸರಿಸಲಿಕ್ಕೆ ಬೇಕಲ್ಲ, ಗಂಟೆಗೆ ನಾನೂರು ತುಂಡು ಬೀಳಬೇಕಲ್ಲ, ಎರಡೂ ಕೈಯಲ್ಲಿ ಒತ್ತುತ್ತ ಕೂತರೆ ಇನ್ನೂರೈವತ್ತು ದಾಟುವುದಿಲ್ಲ, ಇದು ಸೂಪರ್‌ವೈಸರಿಗೂ ಗೊತ್ತು, ಇವರಿಗೂ ಗೊತ್ತು, ಆಡಿಟರ್ ಬರುವ ದಿನ ಚಕ್ಕೆಗಳೆಲ್ಲ ಸೂಪರ್‌ವೈಸರನ ಜೇಬಿಗೆ, ಸಂಜೆ ಮತ್ತೆ ಗುಂಡಿಗೆ.

ಅತ್ತಿಗೆ, ನನ್ ಕೈ ಓಡ್ತಾನೇ ಇಲ್ಲ, ಬೈತಾರೆ — ಗಂಡನ ತಂಗಿ, ನಾನಿದ್ದೇನೆಂಬ ಧೈರ್ಯಕ್ಕೇ ಕೆಲಸಕ್ಕೆ ಸೇರಿದವಳು, ಅವತ್ತು ಸೇರಿ ಮೂರನೇ ದಿನ, ಇದೇ ನಾಲ್ಕನೇ ಪ್ರೆಸ್, ಅಳು ತುಂಬಿದ ಮುಖ, ತಾಳೇ, ಒಂದು ಮಾಡ್ಕೊಡ್ತೀನಿ, ಪೆಟ್ಟಿಗೆಯ ಹಲಗೆ ಮುರಿದು, ತಗಡಿನ ಅಂಚಿಗೆ ಉಜ್ಜಿ, ಆ ಚಕ್ಕೆ ಮಾಡಿ ಕೊಟ್ಟವಳು ನಾನು, ಸರಿಯಾಗಿ ಕೂತಿತೇ ಎಂದು ಎರಡು ಸಲ ಒತ್ತಿ ನೋಡಿದವಳೂ ನಾನೇ. ಮಧ್ಯಾಹ್ನಕ್ಕೆ ಅಚ್ಚಿನಡಿ ಅವಳ ಎಡಗೈಯ ಎರಡು ಬೆರಳು ಹೋದವು. ನೀಲಿ ಫೈಲಿನಲ್ಲಿ ಬರೆದರು, ಕೆಲಸಗಾರ್ತಿಯ ಅಜಾಗರೂಕತೆ, ನಾನು ತುಟಿಪಿಟಕ್ಕೆನ್ನಲಿಲ್ಲ, ಎಂದಿದ್ದರೆ ಚಕ್ಕೆ ಯಾರದು ಎಂಬ ಮಾತು ಬರುತ್ತಿತ್ತು, ಹೆದರಿದೆ, ನಾಚಿಕೆಗೆಟ್ಟವಳು. ಈಗಲೂ ಅವಳು ಎಡಗೈಯನ್ನು ಮಡಿಲಲ್ಲಿ ಮುಚ್ಚಿಕೊಂಡೇ ಮಾತಾಡುತ್ತಾಳೆ, ನಂದೇ ತಪ್ಪು ಅತ್ತಿಗೆ, ನಾನೇ ಹುಷಾರಾಗಿರ್ಬೇಕಿತ್ತು. ಬಿಳಿ ಫೈಲಿನ ಎಂಟನೇ ಪುಟದಲ್ಲೂ ಅದೇ ಸಾಲು ಬಂದು ಕೂತಿದೆ, ಅಜಾಗರೂಕತೆ, ಮಾನದಂಡ ಬದಲಾಯಿತು, ತಪ್ಪು ಮಾತ್ರ ಅವಳ ತಲೆಯ ಮೇಲೆಯೇ.

ಕೆಲ್ಸ ಬೇಕೋ ಬೇಡ್ವೋ ನಿಂಗೆ? ಬೇಕು ಸಾರ್, ಬೆರಳೂ ಬೇಕು. ಪುಟದ ಕೊನೆಗೊಂದು ಖಾಲಿ ಚೌಕ, ಕಾರ್ಮಿಕರ ಅಭಿಪ್ರಾಯ, ಅದು ಖಾಲಿಯೇ ಇರುತ್ತದೆ ಎಂದುಕೊಂಡಿದ್ದಾರೆ, ಇವರಿಗೆ ಹೊಸ ನಿಯಮವೆಂದರೆ ಇನ್ನೊಂದು ಹಾಳೆ, ನನಗೆ ಅಂಗೈಯಗಲದ ಜಾಗ, ಸಾಕು, ಅಕ್ಷರ ಸೊಟ್ಟಗಾದರೂ ಬರೆಯುತ್ತೇನೆ, ನಾಲ್ಕನೇ ಪ್ರೆಸ್, ಎಡಗಡೆ ಗುಂಡಿ, ಮರದ ಚಕ್ಕೆ, ಕೇಳಿದ್ದು ಗಂಟೆಗೆ ನಾನೂರು, ಚಕ್ಕೆ ಮಾಡಿದ್ದು — ಪೆನ್ನು ನಿಂತಿತು, ನಿಲ್ಲಬೇಡ ಕಣೇ, ಮಾಡಿದ್ದು ನಾನು — ಏನ್ ಬರೀತಿದೀಯ, ಕೊಡು ಇಲ್ಲಿ, ಕೊಡಲ್ಲ ಸಾರ್, ಹಾಳೆಯನ್ನು ಒತ್ತಿ ಹಿಡಿದಿದ್ದೇನೆ, ನನ್ನ ಎಡಗೈ, ಐದೂ ಬೆರಳು, ಅವುಗಳ ಅಡಿಯಲ್ಲಿ ಕಾಗದವಿಲ್ಲ, ಮೇಜಿಲ್ಲ, ಬೆರಳಿಗೆ ತಾಕುತ್ತಿರುವುದು ಒಂದು ಬದಿ ನುಣುಪು, ಒಂದು ಬದಿ ಸಿಬಿರು, ಎಡಗಡೆಯ ಹಸಿರು ಗುಂಡಿ ಮೇಲೇಳದ ಹಾಗೆ ಬಿಗಿಯಾಗಿ ಕೂತ ಆ ಚಕ್ಕೆ