ಸರಸಳ ಬೊಜ್ಜದ ಫೋಟೊ

ಸರಸ ತೀರಿಕೊಂಡ ಸುದ್ದಿ ಬಂದಾಗ ಪದ್ಮಾಕ್ಷಿ ಮುಖದ ಸಿಪ್ಪೆ ತೆಗೆಸಿಕೊಂಡು ಬಂಟ್ವಾಳದ ಮನೆಯಲ್ಲಿ ಮಲಗಿದ್ದಳು. ಸಿಪ್ಪೆ ಎಂಬುದು ಅವಳ ಸೊಸೆ ಸುಪ್ರೀತಾಳ ಮಾತು. ಮಂಗಳೂರಿನ ಚರ್ಮದ ಡಾಕ್ಟರು ಅದಕ್ಕೆ ಬೇರೇನೋ ದೊಡ್ಡ ಹೆಸರು ಹೇಳಿದ್ದರು. ಔಷಧಿ ಹಚ್ಚಿ ಹಳೆಯ ಚರ್ಮವನ್ನು ಏಳಿಸಿಬಿಡುವುದು, ಆಮೇಲೆ ಒಳಗಿನಿಂದ ಹೊಸದು ಬರುವುದು. ಹೊಸದು ಬರುವ ತನಕ ಮುಖ ಬೇಯಿಸಿದ ಗೆಣಸಿನ ಹಾಗಿರುತ್ತದೆ ಎಂಬುದನ್ನು ಮಾತ್ರ ಅವರು ಮೊದಲೇ ಹೇಳಿರಲಿಲ್ಲ.

ಪದ್ಮಾಕ್ಷಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಮುಂದೆ ಬರಲಿದ್ದ ವಿಟ್ಲದ ನೆಂಟರ ಮದುವೆಯಲ್ಲಿ ಸರಸಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕೆಂದೇ ಇಷ್ಟೆಲ್ಲ ಉರಿ ತಿಂದದ್ದು. ಈಗ ಇವಳು ಹೇಳದೆ ಕೇಳದೆ ಹೊರಟುಬಿಟ್ಟರೆ ಹೊಸ ಮುಖವನ್ನು ಯಾರಿಗೆ ತೋರಿಸುವುದು?

ಇಬ್ಬರೂ ಅಕ್ಕತಂಗಿಯರ ಮಕ್ಕಳು, ಸಿದ್ಧಕಟ್ಟೆಯ ಅಜ್ಜಿಮನೆಯಲ್ಲಿ ಒಂದೇ ಮಳೆಗಾಲದಲ್ಲಿ ಹುಟ್ಟಿದವರು. ಯಾರು ಮೊದಲು, ಯಾರು ಆಮೇಲೆ ಎಂಬುದು ಅಜ್ಜಿಗೆ ಮಾತ್ರ ಗೊತ್ತಿತ್ತು. ಅದು ಮುಂದೆ ಇಷ್ಟು ದೊಡ್ಡ ವ್ಯಾಜ್ಯವಾದೀತೆಂದು ತಿಳಿಯದೆ ಅಜ್ಜಿ ತೀರಿಹೋದಳು. ಶಾಲೆಗೆ ಸೇರಿಸುವಾಗ ಮಾಸ್ಟ್ರು ಇಬ್ಬರಿಗೂ ಜೂನ್ ಒಂದು ಎಂದು ಬರೆದು ಕೈತೊಳೆದುಕೊಂಡಿದ್ದರು. ಹೀಗಾಗಿ ಸರಸ ಇವಳನ್ನು ‘ಪದ್ಮಕ್ಕ’ ಎಂದಳು, ಪದ್ಮಾಕ್ಷಿ ಅವಳನ್ನು ‘ಸರಸಕ್ಕ’ ಎಂದಳು. ಯಾವ ಸಮಾರಂಭವಾದರೂ ಸರಿ, ಇಬ್ಬರೂ ದೂರದಿಂದಲೇ ಕೂಗಿ ಕರೆಯುವವರು, ಏಕೆಂದರೆ ಆ ‘ಅಕ್ಕ’ ಸುತ್ತಲಿನವರ ಕಿವಿಗೆ ಬೀಳಬೇಕು. ನಡುವೆ ಸಿಕ್ಕಿಬಿದ್ದ ಸರಸಳ ಗಂಡ ಮುಂಡಪ್ಪ ಮದುವೆಯಾದಾಗಿನಿಂದ ಪದ್ಮಾಕ್ಷಿಯನ್ನು ಏನೆಂದೂ ಕರೆಯದೆ ‘ನೀವು’ ಎಂಬ ಒಂದೇ ಮಾತಿನಲ್ಲಿ ಕಾಲ ಹಾಕಿದರು. ಅವರ ಬುದ್ಧಿವಂತಿಕೆ ದೊಡ್ಡದು.

ಸರಸ ಕೂದಲಿಗೆ ಬಣ್ಣ ಹಚ್ಚಿದರೆ ಪದ್ಮಾಕ್ಷಿ ಹುಬ್ಬಿಗೂ ಹಚ್ಚಿದಳು. ಪದ್ಮಾಕ್ಷಿ ಹಲ್ಲು ಕಟ್ಟಿಸಿದರೆ ಸರಸ ಗಟ್ಟಿಯಾಗಿದ್ದ ಹಲ್ಲುಗಳನ್ನೂ ಕೀಳಿಸಿ ಸಾಲಾಗಿ ಹೊಸದು ಕೂರಿಸಿದಳು. ಸರಸ ಬೆಳಿಗ್ಗೆ ಬೂದುಗುಂಬಳದ ರಸ ಕುಡಿಯುತ್ತಾಳೆಂಬ ಸುದ್ದಿ ಸಿಕ್ಕಿದ್ದೇ ತಡ, ಪದ್ಮಾಕ್ಷಿ ಬೆಳಿಗ್ಗೆ ಸಂಜೆ ಎರಡು ಹೊತ್ತು ಕುಡಿದು ಶೀತ ಹಿಡಿಸಿಕೊಂಡಳು. ಮೊಮ್ಮಗಳು ವಿಜೇತಾ ನಾಲ್ಕು ಜನರ ಮುಂದೆ ತನ್ನನ್ನು ಅಜ್ಜಿ ಎನ್ನಕೂಡದು ಎಂದು ಸರಸ ಮನೆಯಲ್ಲಿ ಕಾನೂನೇ ಮಾಡಿದ್ದಳು. ಆ ಒಂದು ಕಾನೂನಿನಲ್ಲಿ ಮಾತ್ರ ಪದ್ಮಾಕ್ಷಿ ಹಿಂದೆ ಬಿದ್ದಿದ್ದಳು.

“ಕನ್ನಡಿ ಎದುರು ಕೂತು ಕೂದಲಿಗೆ ಡೈ ಹಚ್ಚುತ್ತಾ ಇದ್ದರಂತೆ ಸರಸತ್ತೆ,” ಎಂದಳು ಸುಪ್ರೀತಾ ಫೋನು ಕೆಳಗಿಟ್ಟು. “ಅರ್ಧ ಆಗುವಾಗ ಎದೆ ಹಿಡಿದುಕೊಂಡರಂತೆ. ಅಷ್ಟೇ.”

“ಯಾವ ಅರ್ಧ?” ಎಂದು ಪದ್ಮಾಕ್ಷಿ ಕೇಳಿದಳು.

“ಎಂತ ಪ್ರಶ್ನೆ ಅತ್ತೆ ಅದು! ಹೋಗಲಿಕ್ಕುಂಟಲ್ಲ, ಹೊರಡಿ.”

“ಈ ಮುಖ ಹೊತ್ತುಕೊಂಡಾ? ನಾನು ಹೋದರೆ ಜನ ಹೆಣ ಬಿಟ್ಟು ನನ್ನನ್ನು ನೋಡ್ತಾರೆ. ನೀನು ಹೋಗಿ ಬಾ. ನನಗೆ ಜ್ವರ ಅಂತ ಹೇಳು.”

ಸುಪ್ರೀತಾ ಹೋಗಿ ಬಂದಳು. ಪದ್ಮಾಕ್ಷಿ ಗೋಡೆಯ ಕಡೆ ತಿರುಗಿ ಮಲಗಿ ಸ್ವಲ್ಪ ಅತ್ತಳು. ಕಣ್ಣೀರಿನ ಉಪ್ಪು ಹಸಿ ಚರ್ಮಕ್ಕೆ ತಾಗಿ ಉರಿ ಜೋರಾದ್ದರಿಂದ ಅಳು ನಿಲ್ಲಿಸಬೇಕಾಯಿತು.

ಉತ್ತರಕ್ರಿಯೆಯನ್ನು ನಮ್ಮ ಕಡೆ ಬೊಜ್ಜ ಎನ್ನುತ್ತಾರೆ. ಬೊಜ್ಜದ ದಿನ ಬರುವಷ್ಟರಲ್ಲಿ ಪದ್ಮಾಕ್ಷಿಯ ಹೊಸ ಚರ್ಮ ಬಂದಿತ್ತು. ಡಾಕ್ಟರು ಸುಳ್ಳು ಹೇಳಿರಲಿಲ್ಲ, ಕೆನ್ನೆ ನುಣ್ಣಗಾಗಿತ್ತು. ಕನ್ನಡಿಯಲ್ಲಿ ನೋಡಿಕೊಂಡಾಗ ಅವಳ ಮನಸ್ಸಿನಲ್ಲಿ ಒಂದು ಆಸೆ ಮೆಲ್ಲನೆ ತಲೆ ಎತ್ತಿತು. ಬೊಜ್ಜಕ್ಕೆ ಬಳಗವೆಲ್ಲ ಸೇರುತ್ತದೆ. ಮುಂದೆ ಸರಸಳ ಫೋಟೊ ಇಟ್ಟಿರುತ್ತಾರೆ. ಆ ಫೋಟೊ ನೋಡಿ, ಮತ್ತೆ ತನ್ನನ್ನು ನೋಡಿ, ಯಾರಾದರೂ ಒಬ್ಬರು “ಇಬ್ಬರೂ ಒಂದೇ ಪ್ರಾಯದವರಾ? ನಂಬಲಿಕ್ಕೇ ಆಗುವುದಿಲ್ಲ” ಎಂದುಬಿಟ್ಟರೆ ಸಾಕು. ಹುಟ್ಟಿದಂದಿನ ವ್ಯಾಜ್ಯ ಇತ್ಯರ್ಥವಾಗುತ್ತದೆ. ಮೇಲ್ಮನವಿ ಹಾಕಲು ಸರಸ ಇಲ್ಲ. ಹೀಗೆ ಯೋಚಿಸುವುದು ತಪ್ಪೆಂದು ಅವಳಿಗೂ ಗೊತ್ತಿತ್ತು. ಆದರೂ ಯೋಚಿಸಿದಳು, ಕೆನೆ ಬಣ್ಣದ ಸೀರೆ ಉಟ್ಟು ಕಾರು ಹತ್ತಿದಳು.

ಮೂಡುಬಿದಿರೆ ಪೇಟೆಯಲ್ಲಿ ಸುಪ್ರೀತಾ ಕಾರು ನಿಧಾನ ಮಾಡಿದಳು. “ನೋಡಿ ಅತ್ತೆ, ಸರಸತ್ತೆಯ ಫ್ಲೆಕ್ಸು. ಅಬ್ಬಾ, ಪ್ರಾಯದಲ್ಲಿ ಎಷ್ಟು ಚಂದ ಇದ್ದರು!”

ಪದ್ಮಾಕ್ಷಿ ತಲೆ ಎತ್ತಿ ನೋಡಿದಳು. ಬಸ್ ಸ್ಟಾಂಡಿನ ಎದುರು ಆಳೆತ್ತರದ ಫ್ಲೆಕ್ಸು. ‘ಭಾವಪೂರ್ಣ ಶ್ರದ್ಧಾಂಜಲಿ, ಶ್ರೀಮತಿ ಸರಸ’ ಎಂದು ದೊಡ್ಡ ಅಕ್ಷರ. ಅದರ ಮೇಲೆ, ದೀಪಗಳ ನಡುವೆ, ಎರಡು ಜಡೆಯ ಇಪ್ಪತ್ತರ ಹುಡುಗಿಯೊಬ್ಬಳು ತುಟಿ ಬಿಗಿಹಿಡಿದು ನಗುತ್ತಿದ್ದಳು. ಆ ಹುಡುಗಿ ಸರಸ ಅಲ್ಲ. ಆ ಹುಡುಗಿ ಪದ್ಮಾಕ್ಷಿ.

ಅವಳಿಗೆ ಫೋಟೊ ಯಾವುದೆಂದು ಥಟ್ಟನೆ ನೆನಪಾಯಿತು. ಇಬ್ಬರೂ ಬೆಳ್ತಂಗಡಿಯ ಸ್ಟುಡಿಯೊಕ್ಕೆ ಬಸ್ಸಿನಲ್ಲಿ ಹೋಗಿ, ಒಂದೇ ತರದ ಸೀರೆ ಉಟ್ಟು ತೆಗೆಸಿಕೊಂಡದ್ದು. ಸರಸ ಇವಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಳು. ಕತ್ತರಿಸುವಾಗ ಆ ಕೈ ಪೂರ್ತಿ ಹೋಗಿರಲಿಲ್ಲ. ಹೆಗಲ ಅಂಚಿನಲ್ಲಿ ನಾಲ್ಕು ಬೆರಳು ಉಳಿದಿದ್ದವು. ತನ್ನ ಬೊಜ್ಜದ ಫ್ಲೆಕ್ಸಿಗೆ ಸರಸ ಬಂದದ್ದು ಆ ನಾಲ್ಕು ಬೆರಳಷ್ಟೇ.

“ಸುಪ್ರೀತಾ, ಆ ಮುಖ ನಿನಗೆ ಎಲ್ಲಾದರೂ ನೋಡಿದ ಹಾಗೆ ಅನಿಸ್ತದಾ?”

ಸುಪ್ರೀತಾ ಇನ್ನೊಮ್ಮೆ ನೋಡಿದಳು. ಹದಿನೈದು ವರ್ಷದಿಂದ ಅತ್ತೆಯ ಎದುರು ಕೂತು ಊಟ ಮಾಡಿದವಳು. “ಇಲ್ಲಪ್ಪ. ಹಳೇ ಕಾಲದ ಸಿನಿಮಾ ನಟಿಯ ಹಾಗೆ ಕಾಣ್ತದೆ,” ಎಂದು ಗೇರು ಬದಲಿಸಿದಳು.

ಶಿರ್ತಾಡಿಯ ಸಭಾಭವನದಲ್ಲಿ ಅದೇ ಫೋಟೊ ಚೌಕಟ್ಟಿನೊಳಗೆ, ಮಲ್ಲಿಗೆ ಮಾಲೆ ಹಾಕಿಸಿಕೊಂಡು, ದೀಪದ ಹಿಂದೆ ಕೂತಿತ್ತು. ಬದುಕಿರುವವರ ಫೋಟೊಕ್ಕೆ ಮಾಲೆ ಹಾಕಿದರೆ ಆಯುಷ್ಯಕ್ಕೆ ಕೇಡು ಎಂಬ ಭಯವೂ, ಮಾಲೆ ತನಗೆ ಎಷ್ಟು ಒಪ್ಪುತ್ತದೆ ಎಂಬ ಹೆಮ್ಮೆಯೂ ಪದ್ಮಾಕ್ಷಿಗೆ ಒಟ್ಟೊಟ್ಟಿಗೇ ಬಂದವು. ಸರಸಳ ಮಗ ಉಜ್ವಲ್ ಓಡಿ ಬಂದು ಅವಳ ಕೈ ಹಿಡಿದ. ಅವನಿಗೆ ಬೆಳ್ತಂಗಡಿಯಲ್ಲಿ ಹೋಟೆಲು.

“ಬನ್ನಿ ದೊಡ್ಡಮ್ಮ. ಅಮ್ಮನ ಫೋಟೊ ನೋಡಿದ್ರಾ? ಹೋಟೆಲಿನ ಎದುರು ಕೂಡ ಹಾಕಿಸಿದ್ದೇನೆ. ಬಸ್ಸಿನವರೆಲ್ಲ ಬಗ್ಗಿ ನೋಡ್ತಾರೆ. ಇಷ್ಟು ಚಂದ ಇದ್ದದ್ದು ನನಗೇ ಗೊತ್ತಿರಲಿಲ್ಲ.”

ದೊಡ್ಡಮ್ಮ! ತಾಯಿಯ ಅಕ್ಕ! ಪದ್ಮಾಕ್ಷಿ ಹಲ್ಲು ಕಚ್ಚಿ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿದ್ದ ಕೊಕ್ಕಡದ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, ಫೋಟೊ ನೋಡಿ, ಪುನಃ ಇವಳನ್ನು ನೋಡಿದಳು. ಪದ್ಮಾಕ್ಷಿ ಕೆನ್ನೆಯನ್ನು ಬೆಳಕಿನ ಕಡೆ ತಿರುಗಿಸಿದಳು. ಇಷ್ಟು ವರ್ಷ ಕಾದ ಮಾತು ಈಗ ಬರಬೇಕು.

“ನೀವು ಅಕ್ಕ ಅಂತೆ ಅಲ್ವಾ?” ಎಂದಳು ಹೆಂಗಸು. “ಆದರೆ ಹೋಲಿಕೆ ಒಂದು ಚೂರೂ ಇಲ್ಲ. ಅವರದ್ದು ಎಂಥ ಕಳೆ!”

ಇನ್ನು ತಡೆಯಲಾಗಲಿಲ್ಲ. ಅದು ನಾನು, ಆ ಕಳೆ ನನ್ನದು ಎಂದು ಮೈಕಿನಲ್ಲೇ ಹೇಳಿಬಿಡಬೇಕೆಂದು ಪದ್ಮಾಕ್ಷಿ ಎದ್ದಳು. ಆದರೆ ಮೊದಲು ಮುಂಡಪ್ಪರಿಗೆ ಒಂದು ಮಾತು ಹೇಳುವುದು ಮರ್ಯಾದೆ. ಅವರು ಹಿಂದಿನ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಬೋಳಿಸಿದ ಮೀಸೆ, ಬಿಳಿ ಪಂಚೆ. ಕೈಬೆರಳ ಉಗುರಿನ ಸಂದು ಮಾತ್ರ ಕಪ್ಪು ಕಪ್ಪು.

“ಭಾವ, ದೊಡ್ಡ ತಪ್ಪಾಗಿದೆ. ಆ ಫೋಟೊ…”

“ನಿಮ್ಮದು,” ಎಂದರು ಮುಂಡಪ್ಪ. “ಗೊತ್ತುಂಟು.”

“ಗೊತ್ತಿದ್ದೂ ಹಾಕಿಸಿದ್ದಾ?”

“ಅವಳೇ ತೆಗೆದಿಟ್ಟದ್ದು. ನನಗೆ ಏನಾದರೂ ಆದರೆ ಇದನ್ನೇ ಹಾಕಿಸಬೇಕು ಅಂದಳು. ಇದರಲ್ಲಿ ನೀನು ಬಲಗಡೆ ಅಲ್ವಾ ಮಾರಾಯ್ತಿ ಅಂದೆ. ಬಲಗಡೆಯದ್ದು ಕತ್ತರಿಸಿ ಅಂದಳು.”

“ಯಾಕಂತೆ?”

“ಪದ್ಮಕ್ಕ ಚಂದ ಇದ್ದದ್ದು, ನಾನಲ್ಲ ಅಂದಳು. ಊರವರಿಗೆ ಯಾರಿಗೂ ನೆನಪಿರಲಿಕ್ಕಿಲ್ಲ, ಅವಳೊಬ್ಬಳಿಗೆ ಗೊತ್ತಾಗ್ತದೆ, ಆದರೆ ಬಾಯಿ ಬಿಡುವುದಿಲ್ಲ ಅಂದಳು. ಬಾಯಿ ಬಿಟ್ಟರೆ ತಾನು ಈಗ ಗುರುತೇ ಸಿಗದ ಹಾಗೆ ಆಗಿದ್ದೇನೆ ಅಂತ ಪದ್ಮಕ್ಕನೇ ಒಪ್ಪಿದ ಹಾಗೆ ಆಯ್ತಲ್ಲ, ಅದಕ್ಕೆ.” ಮುಂಡಪ್ಪ ತಮ್ಮ ಬೆರಳುಗಳನ್ನು ನೋಡಿಕೊಂಡರು. “ಈ ಬಣ್ಣ ಎಷ್ಟು ತೊಳೆದರೂ ಹೋಗುವುದಿಲ್ಲ. ಅರ್ಧ ತಲೆ ಬಿಳಿ ಇಟ್ಟುಕೊಂಡು ಜನರ ಎದುರು ಮಲಗಿಸಲಿಕ್ಕೆ ಮನಸ್ಸು ಬರಲಿಲ್ಲ. ಬಾಗಿಲು ಹಾಕಿ ಉಳಿದದ್ದನ್ನು ನಾನೇ ಹಚ್ಚಿದೆ.”

ಪದ್ಮಾಕ್ಷಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಕಳ್ಳಿ! ಬದುಕಿದ್ದಾಗ ಒಮ್ಮೆಯೂ ಒಪ್ಪಿಕೊಳ್ಳದ ಮಾತನ್ನು ಗಂಡನ ಕಿವಿಯಲ್ಲಿ ಹೇಳಿ, ಮುಖವನ್ನೇ ಹೊತ್ತುಕೊಂಡು ಹೋಗಿಬಿಟ್ಟಿದ್ದಾಳೆ. ಗೆದ್ದದ್ದು ತಾನು, ಬಹುಮಾನ ಹೋದದ್ದು ಅವಳ ಮನೆಗೆ. ಜಗಳವಾಡೋಣವೆಂದರೆ ಆಸಾಮಿಯೇ ಇಲ್ಲ. ಸರಸ ಸತ್ತಿದ್ದಾಳೆಂಬುದು ಅವಳಿಗೆ ನಿಜವಾಗಿ ನಾಟಿದ್ದು ಆಗಲೇ.

ಒಳಗೆ ಉಜ್ವಲ್ ಮೈಕಿನಲ್ಲಿ ನುಡಿನಮನಕ್ಕೆ ಅವಳ ಹೆಸರು ಕೂಗಿದ. ಪದ್ಮಾಕ್ಷಿ ಹೋಗಿ ಫೋಟೊದ ಎದುರು ನಿಂತಳು. ಆ ಹುಡುಗಿ ನಗುತ್ತಲೇ ಇದ್ದಳು. ಅವಳ ನುಣುಪಿನ ಮುಂದೆ ಮಂಗಳೂರಿನ ಡಾಕ್ಟರ ನುಣುಪು ಯಾವ ಲೆಕ್ಕ? ಆ ಹುಡುಗಿ ಎಂದೋ ಹೋಗಿಬಿಟ್ಟಿದ್ದಳು, ಯಾರೂ ಅವಳಿಗೊಂದು ಹೂ ಹಾಕಿರಲಿಲ್ಲ, ಯಾರೂ ಅತ್ತಿರಲಿಲ್ಲ. ಇಂದು ಇಡೀ ಸಭಾಭವನ ಅಳುತ್ತಿತ್ತು.

“ಇವಳಷ್ಟು ಚಂದದ ಹುಡುಗಿ,” ಎಂದಳು ಪದ್ಮಾಕ್ಷಿ ಮೈಕಿಗೆ, “ನಮ್ಮ ಮನೆಯಲ್ಲಿ ಇನ್ನೊಬ್ಬಳು ಇರಲಿಲ್ಲ. ನನಗೆ ಚೆನ್ನಾಗಿ ಗೊತ್ತುಂಟು.” ಹೂ ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. ಎಂಥ ದೊಡ್ಡ ಮನಸ್ಸು, ತಂಗಿಯ ಮೇಲೆ ಎಷ್ಟು ಪ್ರೀತಿ ಎಂದು ಕೊಕ್ಕಡದ ಹೆಂಗಸೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊಟವಾಗಿ ಹೊರಡುವಾಗ ಮುಂಡಪ್ಪ ಕಾರಿನವರೆಗೂ ಬಂದರು. ಫೋಟೊವನ್ನು ಮನೆಯ ಚಾವಡಿಯ ಗೋಡೆಗೆ ಹಾಕುವುದು ವಾಡಿಕೆ. ನಿಮಗೆ ಬೇಡವೆಂದಾದರೆ ಮಗನಿಗೆ ನಿಜ ಹೇಳಿ ಬದಲಿಸುತ್ತೇನೆ ಎಂದರು. ಪದ್ಮಾಕ್ಷಿ ಬದಲಿಸುವುದು ಬೇಡ ಎಂದು ತಲೆಯಾಡಿಸಿ ಕಾರು ಹತ್ತಿದಳು. ಸುಪ್ರೀತಾ ಕಾರು ತಿರುಗಿಸಿದ ಮೇಲೆ ನಿಲ್ಲಿಸಲು ಹೇಳಿ, ಗಾಜು ಇಳಿಸಿ, ತಲೆ ಹೊರಗೆ ಹಾಕಿದಳು.

“ಭಾವ, ಕಿಟಕಿಯ ಎದುರಿನ ಗೋಡೆಗೆ ಹಾಕಬೇಡಿ. ಬಿಸಿಲು ಬಿದ್ದರೆ ಮುಖದ ಬಣ್ಣ ಹೋಗ್ತದೆ.”