ಪುಟ್ಟಿಗೆ ಹೇಳಿ ಹೋಗಿ

ಅಮ್ಮ ಕೆಲಸಕ್ಕೆ ಹೊರಟರೆ ಮಗು ರಂಪ ಮಾಡುವುದು ಯಾವ ಮನೆಯಲ್ಲಿಲ್ಲ? ನಮ್ಮ ಬೀದಿಯ ಅಜ್ಜಿ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಸೊಸೆ ಇಸ್ತ್ರಿ ಅಂಗಡಿಗೆ ಹೊರಡುವ ಹೊತ್ತಿಗೆ ಒಂಬತ್ತು ತಿಂಗಳ ಮೊಮ್ಮಗಳು ಪುಟ್ಟಿಯನ್ನು ಕಿಟಕಿಯ ಹತ್ತಿರ ಎತ್ತಿಕೊಂಡು ಹೋಗಿ, "ಕಾಗೆ ನೋಡು, ಕಾಗೆ!" ಎನ್ನುವರು. ಅಷ್ಟರಲ್ಲಿ ಸೊಸೆ ಹಿಂದಿನ ಬಾಗಿಲಿನಿಂದ ಕಳ್ಳಿಯ ಹಾಗೆ ಜಾರಿಕೊಳ್ಳುವಳು.

ವಾರ ಕಳೆಯುವುದರೊಳಗೆ ಉಪಾಯ ಉಲ್ಟಾ ಹೊಡೆಯಿತು. ಅಜ್ಜಿ ಕಿಟಕಿಯ ಕಡೆ ತಿರುಗಿದರೆ ಸಾಕು, ಪುಟ್ಟಿ ಕಿರುಚುತ್ತಿದ್ದಳು. ಅಮ್ಮ ಮನೆಯಲ್ಲಿದ್ದಾಗಲೂ ಅವಳ ಬಟ್ಟೆ ಹಿಡಿದುಕೊಂಡೇ ಇರುತ್ತಿದ್ದಳು.

"ಕೆಲಸ ಬಿಟ್ಟುಬಿಡ್ತೀನಿ ಅತ್ತೆ," ಎಂದಳು ಸೊಸೆ. ಅಜ್ಜಿಗೆ ಒಳಗೊಳಗೇ ನೋವು. ದಿನವಿಡೀ ನೋಡಿಕೊಳ್ಳುವ ತನ್ನ ಹತ್ತಿರವೇ ಮಗು ನಿಲ್ಲುವುದಿಲ್ಲವೆಂದರೆ ಹೇಗಾಗಬೇಡ!

ಪಕ್ಕದ ಮನೆಯ ನರ್ಸಮ್ಮನ ಮುಂದೆ ಅಜ್ಜಿ ದೂರು ಹೇಳಿಕೊಂಡರು. "ನನ್ನ ಕಂಡ್ರೆ ಆಗಲ್ಲ ಇದಕ್ಕೆ. ಇದರಮ್ಮ ಎತ್ತಿ ಎತ್ತಿ ಕೆಡಿಸಿದ್ದಾಳೆ."

"ಎತ್ಕೊಂಡ್ರೆ ಮಗು ಕೆಡಲ್ಲ ಅಜ್ಜಿ. ಈ ವಯಸ್ಸಿಗೆ ತನ್ನೋರು ಯಾರು ಅಂತ ತಿಳಿಯತ್ತೆ. ಅದಕ್ಕೇ ಅಮ್ಮ ಹೋದ್ರೆ ಅಳು. ಆದ್ರೆ ನೀವು ಕಾಗೆ ತೋರಿಸ್ತೀರಿ, ತಿರುಗಿ ನೋಡಿದ್ರೆ ಅಮ್ಮನೇ ಮಾಯ! ಇನ್ನು ಯಾರನ್ನ ನಂಬಬೇಕು ಅದು? ಅಮ್ಮ ಮಗೂಗೆ ಹೇಳೇ ಹೋಗ್ಲಿ."

"ಹೇಳಿ ಹೋದ್ರೆ ಬೀದಿಗೆಲ್ಲ ಕೇಳೋ ಹಾಗೆ ಅಳತ್ತಲ್ಲಮ್ಮ! ಹಲ್ಲೇ ಸರಿಯಾಗಿ ಬಂದಿಲ್ಲ, ಇದಕ್ಕೆ ಏನು ಅರ್ಥ ಆಗತ್ತೆ?"

"ಮಾತು ಅರ್ಥ ಆಗದೇ ಇರಬಹುದು. ಹೋದ ಅಮ್ಮ ಬಂದೇ ಬರ್ತಾಳೆ ಅನ್ನೋದು ದಿನಾ ನೋಡ್ತಾ ನೋಡ್ತಾ ಗೊತ್ತಾಗತ್ತೆ. ಅಳಲಿ, ನೀವು ಅಪ್ಪಿಕೊಂಡಿರಿ. ಬಯ್ಯಬೇಡಿ."

ಮಾರನೆಯ ದಿನ ಸೊಸೆ ಮುಂಬಾಗಿಲಲ್ಲೇ ನಿಂತು ಮುತ್ತಿಟ್ಟು, "ಕೆಲಸಕ್ಕೆ ಹೋಗಿ ಬರ್ತೀನಿ ಪುಟ್ಟಿ," ಎಂದಳು. ಪುಟ್ಟಿ ಸೂರು ಹಾರಿಹೋಗುವಂತೆ ಅತ್ತಳು. ಅಜ್ಜಿ ನರ್ಸಮ್ಮನನ್ನು ಮನಸಾರೆ ಬೈದುಕೊಂಡರೂ ಮಗುವನ್ನು ಎದೆಯಿಂದ ಇಳಿಸಲಿಲ್ಲ. ಸಂಜೆ ಬಂದ ಸೊಸೆ ಕೈ ತೊಳೆದು ಮೊದಲು ಮಗುವನ್ನೇ ಎತ್ತಿಕೊಂಡಳು. ದಿನವೂ ಹೀಗೇ ನಡೆಯಿತು. ಬರಬರುತ್ತಾ ಅಳು ಕಡಿಮೆಯಾಯಿತು. ಕೆಲಸ ಬಿಡುವ ಮಾತನ್ನು ಸೊಸೆ ಮತ್ತೆ ಆಡಲಿಲ್ಲ.

ಒಂದು ರಜೆಯ ದಿನ ಅಜ್ಜಿ ಚೀಲ ಹಿಡಿದು ತರಕಾರಿಗೆ ಹೊರಟರು. ಅಮ್ಮನ ತೊಡೆಯ ಮೇಲಿದ್ದ ಪುಟ್ಟಿ ಎರಡೂ ಕೈ ಚಾಚಿ ಗೊಳೋ ಎಂದಳು. ಅಜ್ಜಿ ಹೊಸಿಲಲ್ಲೇ ನಿಂತುಬಿಟ್ಟರು.

"ನೋಡೇ, ನನಗೋಸ್ಕರ ಅಳ್ತಿದೆ!" ಎನ್ನುವಾಗ ಅವರ ಕಣ್ಣೂ ತುಂಬಿತ್ತು. "ಈಗ ಬಂದುಬಿಡ್ತೀನಿ ಕಣೇ ಬಂಗಾರಿ!"

ತಾಯಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ಅಳುವ ಮಗುವನ್ನು ಎತ್ತಿಕೊಳ್ಳಲು ಹಿಂಜರಿಯಬೇಡಿ. ಹೊರಗೆ ಹೋಗುವಾಗ ಕದ್ದು ಹೋಗದೆ ಹೇಳಿ ಹೋಗಿ, ಬಂದ ಕೂಡಲೇ ಮಾತಾಡಿಸಿ. ನಿಮಗಾಗಿ ಅಳುವ ಮಗು ನಿಮ್ಮನ್ನು ತನ್ನವರೆಂದು ನಂಬಿದೆ. ಆ ನಂಬಿಕೆ ಉಳಿಸಿಕೊಳ್ಳಿ.