ಒಳಗಿನ ಗೋಡೆ

ಸಪ್ನಾ ಆ ಅಂಗಡಿಗೆ ಮೊದಲ ಸಲ ಬಂದಾಗ ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆ ಇಟ್ಟಳು ಅನ್ನುವುದಕ್ಕಿಂತ ಕೆಡವಿದಳು ಅನ್ನುವುದೇ ಸರಿ. ಆ ಸದ್ದಿಗೆ ಒಳಗೆ ಬೆಸುಗೆ ಹಾಕುತ್ತಿದ್ದ ಇರ್ಫಾನ ತಲೆ ಎತ್ತಿದ.

"ಸಾವಕಾಶ್ರಿ ಅಕ್ಕಾರ. ಅದರಾಗೂ ಜೀವ ಇರ್ತೈತಿ."

"ಅದಕ್ಕ ಜೀವ ಐತಿ, ನನ್ನ ಹೆಗಲಿಗಿಲ್ಲೇನಣ್ಣ? ಮೊದಲ ಇದನ್ನ ಎತ್ತಿ ನೋಡು, ಆಮ್ಯಾಲ ಮಾತಾಡು."

ವಿಜಯಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಆ ರಿಪೇರಿ ಅಂಗಡಿ ಇರ್ಫಾನ ಮತ್ತು ಅವನ ಅಕ್ಕ ಮುನೀರಾ ಇಬ್ಬರದ್ದು. ಬಿಚ್ಚುವುದು, ಕೂಡಿಸುವುದು ತಮ್ಮನ ಕೆಲಸ. ಗಿರಾಕಿಯ ಗೋಳು ಕೇಳಿ ಚೀಟಿ ಬರೆದುಕೊಳ್ಳುವುದು ಅಕ್ಕನ ಕೆಲಸ. ಸಪ್ನಾ ಹೇಳಿದ ಗೋಳು ಇಷ್ಟು: ಆಕೆ ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳ ಕಿವಿ ಪರೀಕ್ಷೆ ಮಾಡುವವಳು. ಮಗುವಿಗೆ ಹೆಡ್‌ಫೋನ್ ಹಾಕಿ, ಲ್ಯಾಪ್‌ಟಾಪಿನಿಂದ ಸಣ್ಣ ಸಣ್ಣ ಸದ್ದು ಬಿಡುತ್ತಾಳೆ. ಕೇಳಿಸಿದಾಗ ಮಗು ಕೈ ಎತ್ತಬೇಕು. ಬಸ್ಸು, ಜೀಪು, ಅಲ್ಲಿಂದ ನಡಿಗೆ. ಹೆಗಲ ಮೇಲೆ ಹೆಡ್‌ಫೋನಿನ ಪೆಟ್ಟಿಗೆ, ಅದರ ಜೊತೆ ಈ ಲ್ಯಾಪ್‌ಟಾಪು. ಅದೂ ಎರಡೂವರೆ ತಾಸಿಗೆ ಕಣ್ಣು ಮುಚ್ಚುತ್ತದೆ.

"ಚಾರ್ಜರ್ ಹಚ್ಚಿ ಮಾಡ್ರಿ ಮತ್ತ," ಎಂದಳು ಮುನೀರಾ.

"ಬರಂಗಿಲ್ರಿ. ಸಾಲ್ಯಾಗ ಅರ್ಥಿಂಗ್ ಬರೋಬ್ಬರಿ ಇರಂಗಿಲ್ಲ. ಚಾರ್ಜರ್ ಹಚ್ಚಿದ್ರ ಹೆಡ್‌ಫೋನಿನ್ಯಾಗ ಗುಂಯ್ ಅಂತೈತಿ, ಹುಡುಗ್ರು ಅದಕ್ಕ ಕೈ ಎತ್ತತಾವ. ಬ್ಯಾಟರಿ ಮ್ಯಾಲನ ನಡಸಬೇಕು. ನನಗ ಹಗರನೂ ಬೇಕು, ಆರ ತಾಸೂ ಬರಬೇಕು."

ಇರ್ಫಾನನಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಸ್ಕ್ರೂಡ್ರೈವರ್ ಕೆಳಗಿಟ್ಟು ಪಾಠ ಶುರು ಮಾಡಿದ. ಬ್ಯಾಟರಿ ದೊಡ್ಡದಾದಷ್ಟೂ ತೂಕ ಹೆಚ್ಚು, ಅದಕ್ಕೆ ಜಾಗವೂ ಹೆಚ್ಚು. ಅಷ್ಟು ಜಾಗ ಕೊಟ್ಟರೆ ಮೈ ದಪ್ಪ, ಕೊಡದಿದ್ದರೆ ಆಯುಸ್ಸು ಕಡಿಮೆ. ಆದರೆ ಕೆಲವು ತೆಳ್ಳಗಿನ ಮಾಡೆಲ್ಲುಗಳನ್ನು ಕಂಪನಿಯವರೇ ಎರಡು ನಮೂನೆಯಲ್ಲಿ ತಯಾರಿಸುತ್ತಾರೆ. ಒಂದರಲ್ಲಿ ಸಣ್ಣ ಬ್ಯಾಟರಿ, ಅದರ ಪಕ್ಕದ ಖಾನೆಯಲ್ಲಿ ಹಾರ್ಡ್ ಡಿಸ್ಕು. ಇನ್ನೊಂದರಲ್ಲಿ ಡಿಸ್ಕಿನ ಬದಲು ಬೆರಳುದ್ದದ ಒಂದು ಚಿಪ್, ಡಿಸ್ಕಿನ ಜಾಗವನ್ನೂ ನುಂಗಿಕೊಂಡ ಉದ್ದನೆ ಬ್ಯಾಟರಿ.

"ಅಂಥಾದ್ದು ಹಳೇದೊಂದು ಹುಡುಕ್ತೇನಿ. ಡಿಸ್ಕ್ ತಗದು ಉದ್ದಂದು ಕೂಡಿಸ್ತೇನಿ. ನೀವು ಹೆಗಲಿಗೆ ಹಾಕ್ಕೊಂಡೀರಿ ಅಂತ ನಿಮಗ ಗೊತ್ತಾಗಬಾರ್ದು, ಹಂಗ ಮಾಡ್ತೇನಿ."

ಹಳೆಯದು ಒಂದಲ್ಲ, ಒಂದೇ ನಮೂನೆಯವು ಎರಡು ಸಿಕ್ಕವು. ಉದ್ದನೆ ಬ್ಯಾಟರಿ ಮಾತ್ರ ಬರಲಿಲ್ಲ. ಸೋಮವಾರದಿಂದ ಸಪ್ನಾಳ ಶಿಬಿರ ಶುರುವಾಗುವುದಿತ್ತು, ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ಇರ್ಫಾನ ಬೇರೊಂದು ಮಾಡೆಲ್ಲಿನ ಎರಡು ಬ್ಯಾಟರಿ ತಂದ. ಉದ್ದ ಸರಿಯಾಯಿತು, ವೈರಿನ ತುದಿಯೂ ಕೂಡಿತು, ದಪ್ಪ ಮಾತ್ರ ಒಂದು ಕೂದಲಿನಷ್ಟು ಜಾಸ್ತಿ. ತಳದ ಮುಚ್ಚಳದ ಒಳಮೈಯಲ್ಲಿ ಬ್ಯಾಟರಿಯ ಸುತ್ತ ಉಗುರಿನೆತ್ತರದ ಪ್ಲಾಸ್ಟಿಕ್ ಗೋಡೆಗಳಿರುತ್ತವೆ. ಅವು ತಾಗಿ ಮುಚ್ಚಳ ಕೂಡಲಿಲ್ಲ. ಇರ್ಫಾನ ಬೆಸುಗೆ ಕಡ್ಡಿ ಕಾಯಿಸಿ ನಾಲ್ಕು ಗೋಡೆ ಕರಗಿಸಿದ, ಉಳಿದ ಬುಡವನ್ನು ಬ್ಲೇಡಿನಿಂದ ಕೊಯ್ದ.

ಮುನೀರಾ ನೋಡುತ್ತ ನಿಂತಿದ್ದಳು. "ಲೇ, ಕಂಪನಿಯವ್ರಿಗೆ ಪ್ಲಾಸ್ಟಿಕ್ ಹೆಚ್ಚಾಗಿ ಗ್ವಾಡಿ ಕಟ್ಟ್ಯಾರೇನು?"

"ಅದು ತಳಾ ಗಟ್ಟಿ ಇರಲಿ ಅಂತ ಆಪಾ. ನಾಕ ಸಣ್ಣ ಗ್ವಾಡಿ ಹ್ವಾದ್ರ ಮನಿ ಬೀಳಂಗಿಲ್ಲ."

ಮುಚ್ಚಳ ಕೂಡಿತು. ಸ್ವಲ್ಪ ಒತ್ತಬೇಕಾಯಿತು, ಅಷ್ಟೇ. ಸಪ್ನಾ ಬಂದ ದಿನ ಪಕ್ಕದ ಕಿರಾಣಿಯ ಬಸಗೊಂಡಪ್ಪನ ತಕ್ಕಡಿಯಲ್ಲಿ ಇಟ್ಟು ತೂಗಿಸಿದರು. ಈ ಅಂಗಡಿಯಿಂದ ಹೋಗುವ ಲ್ಯಾಪ್‌ಟಾಪಿಗೆಲ್ಲ ಅದೊಂದು ಮರ್ಯಾದೆ.

"ಒಂದ ಕಿಲೋ ನಾಕನೂರಾ ಹತ್ತು," ಎಂದ ಬಸಗೊಂಡಪ್ಪ. "ಹೋದ ಸಲ ತೂಗಿದ್ದು ಎರಡ ಕಿಲೋ ಮುನ್ನೂರಿತ್ತಲ್ಲಬೇ. ಉಳದದ್ದನ್ನ ಇರ್ಫಾನ ತಿಂದಾನೇನು?"

ಸಪ್ನಾ ಅದನ್ನು ಚೀಲಕ್ಕೆ ಹಾಕಿ, ಹೆಗಲಿಗೇರಿಸಿ, ಓಣಿಯಲ್ಲಿ ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ನಕ್ಕಳು. ಆ ನಗೆಯನ್ನು ಇರ್ಫಾನ ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಗುರುವಾರ ಮುಂಜಾನೆ ಅಂಗಡಿ ಬಾಗಿಲು ತೆಗೆದಾಗ ಎರಡನೆಯ ಲ್ಯಾಪ್‌ಟಾಪು ಮೇಜಿನ ಮೇಲೆ ಓಲಾಡುತ್ತಿತ್ತು. ಹಿಂದಿನ ದಿನವಷ್ಟೇ ಅದನ್ನು ಅದೇ ರೀತಿ ಕೂಡಿಸಿ, ಚಾರ್ಜಿಗೆ ಹಾಕಿ ಹೋಗಿದ್ದ. ಮುನೀರಾ ಧೂಳು ಒರೆಸಲು ಕೈ ಇಟ್ಟರೆ ಒಂದು ಮೂಲೆ ಏಳುತ್ತಿತ್ತು, ಬೆರಳಾಡಿಸುವ ಪಟ್ಟಿ ಹೊಟ್ಟೆ ಬಿಟ್ಟುಕೊಂಡು ಮೇಲೆ ಬಂದಿತ್ತು. ಇರ್ಫಾನ ಚಾರ್ಜರ್ ಕಿತ್ತು, ತಿರುವಿ ಹಾಕಿ ಬಿಚ್ಚಿದ. ಕೊನೆಯ ಸ್ಕ್ರೂ ಸಡಿಲಾಗುತ್ತಿದ್ದಂತೆ ಮುಚ್ಚಳ ತಾನಾಗಿಯೇ ಎದ್ದಿತು. ಕೊಳೆತ ಹಣ್ಣಿನಂಥ ಸಿಹಿ ವಾಸನೆ. ಬ್ಯಾಟರಿಯ ಬೆಳ್ಳಿ ಬಣ್ಣದ ಚೀಲ ಪೂರಿಯಂತೆ ಉಬ್ಬಿತ್ತು, ಅದರ ನಡುವೆ ಉಗುರಿನಿಂದ ಗೀರಿದಂಥ ಒಂದು ಗೆರೆ. ಕೊಯ್ದ ಮೇಲೂ ಉಳಿದಿದ್ದ ಗೋಡೆಯ ಚೂಪು ಅಂಚು ನಾಟಿದ ಗುರುತು.

ಅವನಿಗೆ ಆಗ ತಿಳಿಯಿತು. ಆ ಗೋಡೆಗಳು ಮನೆ ಬೀಳದಿರಲಿ ಎಂದು ಕಟ್ಟಿದವಲ್ಲ. ಮೇಲೆ ಯಾರು ಒತ್ತಿದರೂ ಆ ಭಾರ ತಮ್ಮ ಮೇಲೆ ಬರಲಿ, ಬ್ಯಾಟರಿಯ ಮೇಲೆ ಬೀಳದಿರಲಿ, ಅದು ಉಬ್ಬಿದರೂ ಉಸಿರಾಡಲು ತುಸು ಜಾಗ ಇರಲಿ ಎಂದು ಕಟ್ಟಿದವು.

"ಸಪ್ನಾಂದು," ಎಂದಳು ಮುನೀರಾ. ಆಗಲೇ ಫೋನು ಕಿವಿಗಿತ್ತು. "ಬಂದ್ ಐತಿ."

ಬಂದ್ ಇರಲೇಬೇಕು. ಕಿವಿ ಪರೀಕ್ಷೆ ನಡೆಯುವಾಗ ಆ ಕೋಣೆಯಲ್ಲಿ ಫ್ಯಾನು ತಿರುಗುವಂತಿಲ್ಲ, ಫೋನು ನಡುಗುವಂತಿಲ್ಲ. ಶಿಬಿರದ ದಿನ ಆಕೆ ಅದನ್ನು ಸಂಜೆಗೇ ಚಾಲೂ ಮಾಡುತ್ತಿದ್ದಳು.

"ಇವತ್ತ ಮುಂಜಾನೆ ತಿಕೋಟಾ, ಮಧ್ಯಾಹ್ನ ಜೈನಾಪುರ ಅಂದಿದ್ಲು," ಎಂದು ಮುನೀರಾ ಎಣ್ಣೆಯ ಹಳೆ ಡಬ್ಬಿಗೆ ಪಕ್ಕದ ಕಟ್ಟಡದ ಮರಳು ತುಂಬಿ ತಂದಳು. "ಇದನ್ನ ಒಯ್ಯಿ. ನಾ ಫೋನ್ ಹಚ್ಚಕೋತ ಇರ್ತೇನಿ."

"ಆಪಾ, ಆಕಿಗೆ ಏನಂತ ಹೇಳ್ಲಿ?"

"ಮೊದಲ ಮುಟ್ಟು."

ತಿಕೋಟಾ ಶಾಲೆ ಮುಟ್ಟಿದಾಗ ಹನ್ನೊಂದೂವರೆ. ಅಂಗಳದಲ್ಲಿ ಬಿಸಿಯೂಟದ ಅಡುಗೆ ಮಾಡುವ ಸೀತವ್ವ ಅಕ್ಕಿ ಆರಿಸುತ್ತಿದ್ದಳು.

"ಕಿವಿ ನೋಡೋ ಬಾಯಾರಾ? ಈಗ ಹ್ವಾದ್ಲಪಾ. ಪೀರಸಾಬನ ಜೀಪಿನ್ಯಾಗ ಬಬಲೇಶ್ವರಕ್ಕ, ಅಲ್ಲಿಂದ ಜೈನಾಪುರಕ್ಕಂತ."

"ಆಕಿ ಲ್ಯಾಪ್‌ಟಾಪ್ ಹೆಂಗಿತ್ತು ಯವ್ವಾ? ಏನರೆ ಅಂದ್ಲೇನು?"

"ತೊಡಿ ಸುಡಾಕತ್ತೈತಿ ಅಂತ ನಕ್ಕೋತ ಇದ್ಲು. ಚಲೋ ಹುಡುಗಿ. ಜೀಪಿನ್ಯಾಗ ಕಾಲಿಡಾಕ ಜಗಾ ಇಲ್ಲ, ಚೀಲಾ ಸೀಟಿನ ಮ್ಯಾಲಿಟ್ಟಿದ್ಲು. ಸಂತಿಗೆ ಹೊಂಟಾಕಿ ಒಬ್ಬಾಕಿ ಅದರ ಮ್ಯಾಲನ ಕುಂತ್ಲು ನೋಡು. ಪೀರಸಾಬಗ ಮಂದಿ ಅಂದ್ರ ಕಡಬಿಗೆ ಹೂರ್ಣ ತುಂಬಿದಂಗ."

ಇರ್ಫಾನ ಸ್ಕೂಟರ್ ತಿರುಗಿಸಿದ.

ಬಬಲೇಶ್ವರದವರೆಗಿನ ದಾರಿ ಅವನಿಗೆ ಸಾಮಾನ್ಯವಾಗಿ ಅರ್ಧ ತಾಸಿನದು. ಆ ದಿನ ಎಷ್ಟಾಯಿತೋ ಅವನೂ ನೋಡಲಿಲ್ಲ. ದಾರಿಯುದ್ದ ದ್ರಾಕ್ಷಿ ತೋಟದ ಕಂಬಗಳು ಹಿಂದೆ ಸರಿಯುತ್ತಿದ್ದವು, ಕಾಲುಗಳ ನಡುವೆ ಮರಳಿನ ಡಬ್ಬಿ ಕುಣಿಯುತ್ತಿತ್ತು. ಎದುರಿಗೆ ಎಲ್ಲಾದರೂ ಜನ ಗುಂಪಾಗಿ ನಿಂತಿದ್ದು ಕಂಡರೆ ಅಲ್ಲಿ ಹೊಗೆ ಇದೆಯೇ ಎಂದು ಕತ್ತು ಚಾಚುತ್ತಿದ್ದ. ಎರಡು ಸಲ ಅದು ಬಸ್ಸಿಗೆ ಕಾಯುವ ಗುಂಪೇ ಆಗಿತ್ತು. ಇಷ್ಟರ ನಡುವೆಯೂ ಅವನ ತಲೆಯ ಒಂದು ಮೂಲೆ ಸುಳ್ಳು ಹೆಣೆಯುತ್ತಿತ್ತು, ಅದನ್ನು ಮುಚ್ಚಿಡುವುದು ಬೇಡ. 'ಒಂದು ಸಾಫ್ಟ್‌ವೇರ್ ಹಾಕೂದು ಉಳದೈತ್ರಿ, ನಾಳೆ ತಂದ ಕೊಡ್ತೇನಿ' ಎಂದು ಇಸಿದುಕೊಂಡು ಬಂದುಬಿಡುವುದು. ಅಪಾಯ ದೂರಾಗುತ್ತದೆ, ಹೆಸರೂ ಉಳಿಯುತ್ತದೆ. ಬಬಲೇಶ್ವರದ ಸಂತೆಯ ಗದ್ದಲ ದಾಟುವ ಹೊತ್ತಿಗೆ ಆ ಸುಳ್ಳು ನಾಲಿಗೆಗೆ ಚೆನ್ನಾಗಿ ಪಳಗಿತ್ತು.

ಜೈನಾಪುರದ ಶಾಲೆಯ ಕೊನೆಯ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಗೆ ಸಾಲಾಗಿ ಕುಳಿತ ಮಕ್ಕಳು, ಅವರ ಪಕ್ಕ ಮೊಮ್ಮಗಳ ಕೈ ಹಿಡಿದ ಮುದುಕ ಶಾಂತಪ್ಪ, ಎಲ್ಲರ ಮುಂದೆ ತುಟಿಯ ಮೇಲೆ ಬೆರಳಿಟ್ಟುಕೊಂಡ ಮಧ್ವೇಶ ಮಾಸ್ತರರು.

"ಒಳಗ ಪರೀಕ್ಷಾ ನಡದೈತ್ರಿ," ಎಂದು ಪಿಸುಗುಟ್ಟಿದರು ಮಾಸ್ತರರು. "ಚಪ್ಪಲಿ ಸಪ್ಪಳಾನೂ ಮಾಡಬ್ಯಾಡ್ರಿ."

"ಸರ, ಅರ್ಜಂಟ್ ಐತ್ರಿ."

"ಎಲ್ಲಾರಿಗೂ ಅರ್ಜಂಟನ. ಕೂಡ್ರಿ."

ಇರ್ಫಾನ ಕೂಡಲಿಲ್ಲ, ಬಾಗಿಲು ತೆರೆದ. ಹೆಡ್‌ಫೋನ್ ಹಾಕಿಕೊಂಡ ಹುಡುಗನೊಬ್ಬ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಸಪ್ನಾಳ ತೊಡೆಯ ಮೇಲೆ ಪಾಟಿ, ಪಾಟಿಯ ಮೇಲೆ ಲ್ಯಾಪ್‌ಟಾಪು. ಆಕೆ ತಲೆ ಎತ್ತಿ ಹುಬ್ಬು ಗಂಟಿಕ್ಕಿದಳು.

"ಇರ್ಫಾನಣ್ಣ, ಇಲ್ಲೇನ ಮಾಡಾಕತ್ತಿ?"

"ಏನಿಲ್ರಿ, ಒಂದ ಸಾಫ್ಟ್‌ವೇರ್ ಹಾಕೂದು ಉಳದಿತ್ತು. ಕೊಡ್ರಿ, ನಾಳೆ ತರ್ತೇನಿ."

"ಅದಕ್ಕಂತ ಇಷ್ಟ ದೂರ ಬಂದಿಯಾ? ಇನ್ನ ಹನ್ನೊಂದ ಹುಡುಗ್ರು ಅದಾರ. ಮುಗದ ಮ್ಯಾಲ ಕೊಡ್ತೇನಿ. ಬಾಗಲಾ ಮುಚ್ಚು."

ಲ್ಯಾಪ್‌ಟಾಪಿನ ಅಂಚಿನಲ್ಲಿ, ಆಕೆಯ ಮಣಿಕಟ್ಟಿನ ಹತ್ತಿರ, ಮುಚ್ಚಳ ಬಾಯಿ ಬಿಟ್ಟದ್ದು ಅವನಿಗೆ ಬಾಗಿಲಿನಿಂದಲೇ ಕಂಡಿತು. ಪಳಗಿಸಿಕೊಂಡು ಬಂದ ಸುಳ್ಳು ಅಲ್ಲಿಗೇ ಮುಗಿಯಿತು. ಅದನ್ನು ನಂಬಿ ಆಕೆ ಕೆಲಸ ಮುಗಿಸಲು ಕೂತರೆ ಇನ್ನೂ ಒಂದು ತಾಸು.

"ಸಾಫ್ಟ್‌ವೇರ್ ಅಲ್ರಿ. ಅದರಾಗಿನ ಬ್ಯಾಟರಿ ಉಬ್ಬೈತಿ. ಯಾವಾಗ ಹೊತ್ತತೈತಿ ಹೇಳಾಕ ಬರಂಗಿಲ್ಲ. ನಾನ ತಪ್ಪ ಮಾಡೇನಿ. ಹುಡುಗನ್ನ ಹೊರಗ ಕಳಸ್ರಿ. ಅದನ್ನ ಒತ್ತಬ್ಯಾಡ್ರಿ, ಹಂಗ ಸಾವಕಾಶ ನೆಲಕ್ಕಿಡ್ರಿ."

ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ಮಕ್ಕಳು ಅವರ ಕಾಲುಗಳ ಸಂದಿಯಿಂದ ಇಣುಕುತ್ತಿದ್ದರು. ಸಪ್ನಾ ಹುಡುಗನ ಹೆಡ್‌ಫೋನು ತೆಗೆದು ಹೊರಗೆ ಕಳಿಸಿದಳು, ಪಾಟಿ ಸಮೇತ ಲ್ಯಾಪ್‌ಟಾಪನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಮಾಸ್ತರರು ಮಕ್ಕಳನ್ನೆಲ್ಲ ಬೇವಿನ ಮರದ ಕೆಳಗೆ ಅಟ್ಟಿದರು.

ಇರ್ಫಾನ ಅದನ್ನು ಅಂಗಳಕ್ಕೆ ಒಯ್ದು ಬಿಚ್ಚಿದ. ಹತ್ತು ಸ್ಕ್ರೂ. ಮುಚ್ಚಳ ತೆಗೆದಾಗ ಅದೇ ಸಿಹಿ ವಾಸನೆ, ಅದೇ ಗೆರೆ. ಆದರೆ ಇಲ್ಲಿ ಗೆರೆ ಇನ್ನೂ ಆಳ. ವೈರು ಬಿಡಿಸಿ, ಮಗುವನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಮರಳಿನಲ್ಲಿ ಮುಚ್ಚಿದ. ತುಸು ಹೊತ್ತಿಗೆ ಮರಳಿನೊಳಗಿಂದ ಚುಂಯ್ ಎಂದು ಸಣ್ಣ ಸದ್ದು ಬಂದಿತು, ತೆಳ್ಳಗೆ ಹೊಗೆ ಎದ್ದಿತು. ಡಬ್ಬಿಯನ್ನು ಗೋಡೆಯಾಚೆ ಬಯಲಿಗೆ ತಳ್ಳಿ ಎಲ್ಲರೂ ದೂರ ನಿಂತರು. ಉರಿ ಏಳಲಿಲ್ಲ. ಹೊಗೆ ನಿಂತಿತು.

ಮುಚ್ಚಳದ ಬೋಳು ಒಳಮೈ ತೋರಿಸಿ, ದಪ್ಪ ಬ್ಯಾಟರಿ ಕೂಡಲೆಂದು ನಾಲ್ಕು ಗೋಡೆ ಕೊಯ್ದದ್ದನ್ನು ಇರ್ಫಾನ ಸಪ್ನಾಗೆ ಹೇಳಿದ. ಮೊದಲು ಬಾಯಿ ತೆರೆದವನು ಶಾಂತಪ್ಪ.

"ಅಲ್ಲಬೇ ತಂಗಿ, ಇವತ್ತ ನನ್ನ ಮೊಮ್ಮಗಳದು ಆಗಂಗಿಲ್ಲೇನು? ಕೂಲಿ ಬಿಟ್ಟು ಬಂದೇನಿ. ಹಿಂದ ಕುಂತು ಕರದ್ರ ಹೊಳ್ಳಿ ನೋಡಂಗಿಲ್ಲ ಇದು."

"ಇವತ್ತ ಆಗಂಗಿಲ್ಲ ಯಪ್ಪಾ. ಮತ್ತ ಬರ್ತೇನಿ."

"ಯಾವತ್ತ?"

ಸಪ್ನಾ ಚೀಲದಿಂದ ಶಿಬಿರದ ಫಾರ್ಮು ತೆಗೆದಳು. ಆ ದಿನದ ಎರಡೂ ಶಾಲೆ ಸೇರಿ ನಲವತ್ತು ಮಕ್ಕಳ ಹೆಸರು, ಇಪ್ಪತ್ತೊಂಬತ್ತರ ಮುಂದೆ ಗುರುತು. ಕೆಳಗೆ, ಶಿಬಿರ ಅಪೂರ್ಣವಾದಲ್ಲಿ ಕಾರಣ ಬರೆಯಲು ಎರಡು ಗೆರೆಯಷ್ಟು ಜಾಗ. ಅಲ್ಲಿ ಬರೆದದ್ದನ್ನು ನೋಡಿಯೇ ಕಚೇರಿಯವರು ಮತ್ತೊಂದು ದಿನ ಕೊಡಬೇಕೋ, ಬೇಡವೋ, ಆಕೆಯ ಗುತ್ತಿಗೆ ಮುಂದುವರಿಸಬೇಕೋ, ಬೇಡವೋ ಎಂದು ಹೇಳುವುದು.

"ನಾ ಇಲ್ಲಿ ಏನಂತ ಬರೀಲಿ?" ಎಂದಳು ಇರ್ಫಾನನಿಗೆ. ದನಿ ಏರಿರಲಿಲ್ಲ. "ಹಗರಂದು ಬೇಕಂತ ಆಸೆಪಟ್ಟೆ ಅಂತ ಬರೀಲೇನು? ನಾಕ ಗ್ವಾಡಿ ಕಡದೇನಿ ಅಂತ ನೀ ಅವತ್ತ ಹೇಳಿದ್ರ ನಾ ಭಾರದ್ದನ್ನ ಹೊತಗೊಂಡು ಬರ್ತಿದ್ದೆ."

"ಹೇಳಬೇಕಿತ್ರಿ."

"ಮುಂಜಾನಿಂದ ಮೂವತ್ತ ಹುಡುಗ್ರು ಇದರ ಮುಂದ ಕುಂತ ಹೋಗ್ಯಾವ ಅಣ್ಣ."

ಅವನು ಕೈ ಚಾಚಿದ. ಸಪ್ನಾ ಒಂದು ಗಳಿಗೆ ನೋಡಿ, ಫಾರ್ಮನ್ನೂ ಪೆನ್ನನ್ನೂ ಕೊಟ್ಟಳು. ಇರ್ಫಾನ ಪಾಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆಯತೊಡಗಿದ. ಎರಡು ಗೆರೆಯ ಜಾಗ ಸಾಲಲಿಲ್ಲ, ಅಂಚಿಗೆ ತಿರುಗಿಸಿ ಬರೆದ: ತಾನು ಈ ಯಂತ್ರಕ್ಕೆ ಅದರದ್ದಲ್ಲದ ದಪ್ಪ ಬ್ಯಾಟರಿ ಹಾಕಿದ್ದು, ಅದು ಕೂಡಲೆಂದು ಒಳಗಿನ ಭಾಗ ಕೊಯ್ದದ್ದು, ಅದನ್ನು ಸಪ್ನಾ ಅವರಿಗೆ ತಿಳಿಸದೆ ಇದ್ದದ್ದು. ಕೆಳಗೆ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು. ಮಾಸ್ತರರು ಕೇಳದೆಯೇ ಸಾಕ್ಷಿಯೆಂದು ತಮ್ಮ ಸಹಿ ಹಾಕಿದರು.

ಸಪ್ನಾ ಓದಿ, ಮಡಚಿ, ಚೀಲದೊಳಗಿಟ್ಟಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಶಾಂತಪ್ಪನ ಮೊಮ್ಮಗಳನ್ನು ಹತ್ತಿರ ಕರೆದು, ಅವಳ ಎದುರಿಗೇ ಕುಕ್ಕರಗಾಲಲ್ಲಿ ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು:

"ನಿನ್ನ ಹೆಸರೇನವ್ವಾ?"

ಹುಡುಗಿ, ಏನಂದರು ಎಂದು ಕೇಳುವಂತೆ, ಅಜ್ಜನ ಮುಖ ನೋಡಿದಳು.